ಬೆಳಗಿನ ಆರೂವರೆಗೆ ಎಷ್ಟು ವಿಮಾನ ಏಳುತ್ತವೆ?

ಬೆಳಗಿನ ಆರೂವರೆ. ಸೆಸ್ನಾ 152 ವಿಮಾನದ ರೆಕ್ಕೆಯಡಿ ಒಬ್ಬ ವಿದ್ಯಾರ್ಥಿ ಬಗ್ಗಿ ನಿಂತಿದ್ದಾನೆ. ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಲೋಟ. ಅದನ್ನು ಟ್ಯಾಂಕಿನ ತಳದ ವಾಲ್ವ್‌ಗೆ ಒತ್ತಿದಾಗ ಎರಡು ಬೆರಳಿನಷ್ಟು ಪೆಟ್ರೋಲ್ ಇಳಿಯುತ್ತದೆ. ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ತಿಳಿನೀಲಿ ಬಣ್ಣವಿದ್ದರೆ ಅದು ವಿಮಾನದ ಪೆಟ್ರೋಲ್, ಏವ್‌ಗ್ಯಾಸ್. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಅದು ಪೂರ್ತಿ ಹೋಗುವ ತನಕ ಮತ್ತೆ ಮತ್ತೆ ಹಿಡಿದು ಚೆಲ್ಲಬೇಕು.

ಫ್ಲೈಯಿಂಗ್ ಸ್ಕೂಲ್ ಹುಡುಕುವವರು ಮೊದಲು ನೋಡಬೇಕಾದದ್ದು ಈ ಹೊತ್ತನ್ನು. ವೆಬ್‌ಸೈಟಿನ ಫೋಟೋಗಳನ್ನು ಆಮೇಲೆ ನೋಡಬಹುದು. ಆರೂವರೆಯಿಂದ ಹತ್ತರವರೆಗೆ ಬೇಲಿಯ ಪಕ್ಕ ನಿಂತು ಎಷ್ಟು ವಿಮಾನ ಎದ್ದವು, ಎಷ್ಟು ಹ್ಯಾಂಗರಿನಲ್ಲೇ ಉಳಿದವು ಎಂದು ಎಣಿಸಿದರೆ ಶಾಲೆಯ ಅರ್ಧ ಜಾತಕ ತಿಳಿಯುತ್ತದೆ. ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್, ಅರ್ಧಕ್ಕೆ ನಿಂತವರಿಗಂತೂ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ನಮ್ಮ ದೇಶದಲ್ಲಿ ಪಿಪಿಎಲ್ ಪಡೆಯಲು 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ವಾಯುಯಾನದ ನಿಯಮ, ಹವಾಮಾನ, ನ್ಯಾವಿಗೇಷನ್, ಎಂಜಿನ್ನಿನ ವಿಷಯಗಳಲ್ಲಿ ಲಿಖಿತ ಪರೀಕ್ಷೆ ಇರುತ್ತದೆ. ಹಾರಾಟ ಕನಿಷ್ಠ 40 ಗಂಟೆ. ಅದರಲ್ಲಿ 20 ಗಂಟೆ ಸೋಲೋ, ಅಂದರೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲದೆ. ಆ ಸೋಲೋದಲ್ಲೂ ಐದು ಗಂಟೆ ಊರಿಂದೂರಿಗೆ ಹಾರಬೇಕು. ಕನಿಷ್ಠ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿಲೋಮೀಟರಿನ ಒಂದು ಪಯಣದಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಬೇಕು. ಈ ಲೈಸೆನ್ಸಿನಿಂದ ಸಂಬಳ ಸಿಗದು. ಸ್ವಂತಕ್ಕೆ ಹಾರಬಹುದು, ದುಡ್ಡು ಪಡೆಯದೆ ಮನೆಯವರನ್ನೂ ಸ್ನೇಹಿತರನ್ನೂ ಕರೆದೊಯ್ಯಬಹುದು.

ನಲವತ್ತು ಗಂಟೆ ಎಂಬುದು ಕನಿಷ್ಠ ಲೆಕ್ಕ. ಅಷ್ಟರಲ್ಲೇ ಮುಗಿಸುವವರು ಎಡೆಬಿಡದೆ ಹಾರಿದವರು. ವಾರಕ್ಕೆ ಮೂರು ಸಲ ಹಾರುವವರಿಗೂ ಮೂರು ವಾರಕ್ಕೊಮ್ಮೆ ಹಾರುವವರಿಗೂ ಅಜಗಜಾಂತರ. ವಿಮಾನ ಇಳಿಸುವಾಗ ರನ್‌ವೇ ಕೆಲವೇ ಅಡಿ ಕೆಳಗಿರುವ ಕ್ಷಣವೊಂದಿದೆ. ಮೂಗನ್ನು ನಿಧಾನ ಎತ್ತಿ ಹಿಡಿಯುತ್ತ, ವೇಗ ಕರಗಲು ಬಿಡಬೇಕು. ಎಷ್ಟು ಎತ್ತಬೇಕೆಂದು ಪುಸ್ತಕ ಹೇಳಲಾರದು. ಬೆನ್ನು, ಕಣ್ಣು, ಮಣಿಕಟ್ಟು ಒಟ್ಟಿಗೆ ಕಲಿಯಬೇಕು. ತಿಂಗಳು ಬಿಟ್ಟರೆ ಕೈ ಮರೆಯುತ್ತದೆ. ಆಗ ಮುಂದಿನ ಪಾಠದ ಗಂಟೆಯೆಲ್ಲ ಹಿಂದಿನ ಪಾಠಕ್ಕೇ ಹೋಗುತ್ತದೆ, ಬಿಲ್ ಮಾತ್ರ ಪೂರ್ತಿ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಒಬ್ಬರು 25 ಗಂಟೆ ಮುಗಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದು ಶಾಲೆಯ ದರ ಗಂಟೆಗೆ 12,000 ರೂಪಾಯಿ. ಆದರೆ ಅಲ್ಲಿ ವಿಮಾನ ಅಪರೂಪಕ್ಕೆ ಸಿಗುವುದರಿಂದ ಇನ್ನೂ 35 ಗಂಟೆ ಬೇಕಾಯಿತು, ಖರ್ಚು 4,20,000. ಇನ್ನೊಂದು ಶಾಲೆಯ ದರ 15,000. ವಾರಕ್ಕೆ ಮೂರು ದಿನ ಹಾರಿ 20 ಗಂಟೆಗಳಲ್ಲಿ ಮುಗಿಯಿತು, ಖರ್ಚು 3,00,000. ಗಂಟೆಯ ದರ ಕೇಳಿ ಶಾಲೆ ಆರಿಸುವವರು ಎಡವುವುದು ಇಲ್ಲೇ.

ಹಾಗಾದರೆ ಏನು ಕೇಳಬೇಕು? ‘ನಿಮ್ಮಲ್ಲಿ ಎಷ್ಟು ವಿಮಾನಗಳಿವೆ’ ಎಂದಲ್ಲ, ‘ಇವತ್ತು ಎಷ್ಟು ಹಾರುತ್ತಿವೆ’ ಎಂದು. ತರಬೇತಿ ವಿಮಾನಗಳಿಗೆ ಐವತ್ತು, ನೂರು ಗಂಟೆಗಳಿಗೊಮ್ಮೆ ತಪಾಸಣೆ ಇರುತ್ತದೆ. ಬಿಡಿಭಾಗ ಬರುವುದು ತಡವಾದರೆ ವಿಮಾನ ವಾರಗಟ್ಟಲೆ ಮೂಲೆಯಲ್ಲಿರುತ್ತದೆ. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು, ಇನ್‌ಸ್ಟ್ರಕ್ಟರ್‌ಗಳು ಎಷ್ಟು ಕಾಲದಿಂದ ಅಲ್ಲೇ ಇದ್ದಾರೆ ಎಂಬುದೂ ಮುಖ್ಯ. ನಮ್ಮ ಬಹುತೇಕ ಶಾಲೆಗಳು ಬದುಕುವುದು 200 ಗಂಟೆಗಳ ಕಮರ್ಷಿಯಲ್ ಲೈಸೆನ್ಸ್ ವಿದ್ಯಾರ್ಥಿಗಳಿಂದ. ವಾರಾಂತ್ಯಕ್ಕೆ ಬರುವ ಪಿಪಿಎಲ್ ವಿದ್ಯಾರ್ಥಿಗೆ ಸರದಿ ಸಿಗುತ್ತದೆಯೇ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಊರು, ಹವೆಯೂ ಲೆಕ್ಕಕ್ಕೆ ಬರುತ್ತವೆ. 1949ರಲ್ಲಿ ಶುರುವಾದ ಸರ್ಕಾರಿ ಹಾರಾಟ ತರಬೇತಿ ಶಾಲೆ ಇರುವ ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ಮೊದಲೇ ತೆಳು; ಏಪ್ರಿಲ್ ಮಧ್ಯಾಹ್ನ ಇನ್ನೂ ತೆಳುವಾಗುತ್ತದೆ. ಆಗ ಸೆಸ್ನಾ 152ರ 110 ಅಶ್ವಶಕ್ತಿಯ ಎಂಜಿನ್ ಏದುಸಿರು ಬಿಟ್ಟಂತೆ ಏರುತ್ತದೆ. ಉತ್ತರ ಭಾರತದಲ್ಲಿ ಡಿಸೆಂಬರ್, ಜನವರಿಯ ಮಂಜು ಬೆಳಗನ್ನೇ ನುಂಗುತ್ತದೆ. ನಮ್ಮ ಕಡೆ ಮುಂಗಾರಿನ ತಗ್ಗು ಮೋಡ ಕಾಡುತ್ತದೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಹೊಸ ತರಬೇತಿ ಶಾಲೆಗಳಿಗೆಂದು ಗುರುತಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ನಮ್ಮವು. ಪ್ರಯಾಣಿಕರ ವಿಮಾನಗಳು ಬಂದುಹೋಗುವ ನಿಲ್ದಾಣಗಳಲ್ಲಿ ವಿಮಾನ ಸಂಚಾರ ನಿಯಂತ್ರಕರ (ಎಟಿಸಿ) ಜೊತೆ ರೇಡಿಯೋದಲ್ಲಿ ಮಾತಾಡುವುದು ಮೊದಲ ದಿನದಿಂದಲೇ ರೂಢಿಯಾಗುತ್ತದೆ. ಆದರೆ ಎಂಜಿನ್ ಚಾಲೂ ಇಟ್ಟುಕೊಂಡು ಸರದಿಗೆ ಕಾಯುವ ನಿಮಿಷಗಳೂ ಬಿಲ್ಲಿಗೆ ಸೇರುತ್ತವೆಯೇ ಎಂದು ವಿಚಾರಿಸಿಕೊಳ್ಳಬೇಕು.

ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2025ರ ಅಕ್ಟೋಬರ್‌ನಿಂದ ಶಾಲೆಗಳಿಗೆ ಶ್ರೇಣಿ ಕೊಡತೊಡಗಿದೆ. ಮೊದಲ ಪಟ್ಟಿಯ 35 ಶಾಲೆಗಳಲ್ಲಿ ಮೇಲಿನ ಎರಡು ಶ್ರೇಣಿಗಳು ಒಂದಕ್ಕೂ ಸಿಗಲಿಲ್ಲ. 13 ‘ಬಿ’, 22 ‘ಸಿ’. ಲಕ್ಷಗಟ್ಟಲೆ ಸಾಲ ಮಾಡಿ ಸೇರುವವರ ಕೈಗೆ ಇಂಥದೊಂದು ಅಳತೆಗೋಲು ಬಂದಿರುವುದು ದೊಡ್ಡ ಮಾತು. ಆದರೂ ಅದು ಇಡೀ ಶಾಲೆಯ ಅಂಕ. ನಾಳೆ ಬೆಳಗಿನ ಸರದಿ ಸಿಗುತ್ತದೋ ಇಲ್ಲವೋ ಅದರಲ್ಲಿ ಇರುವುದಿಲ್ಲ.

ದುಡ್ಡನ್ನು ಒಟ್ಟಿಗೇ ಕಟ್ಟುವ ಮುನ್ನ ಅಮೆರಿಕದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಕಥೆ ಓದಬೇಕು. 2008ರ ಫೆಬ್ರುವರಿಯಲ್ಲಿ ಆ ತರಬೇತಿ ಸಂಸ್ಥೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಸಾಲ ಮಾಡಿ ಮುಂಗಡ ಕಟ್ಟಿದ್ದ ಸಾವಿರಾರು ವಿದ್ಯಾರ್ಥಿಗಳ ಹಾರಾಟ ಅಲ್ಲಿಗೇ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಐದು ಗಂಟೆಗೊಮ್ಮೆ, ಹತ್ತು ಗಂಟೆಗೊಮ್ಮೆ ಕಟ್ಟಿಸಿಕೊಳ್ಳುವ ಶಾಲೆ ಇದ್ದರೆ ಅದೇ ಕ್ಷೇಮ. ಪೂರ್ತಿ ಕಟ್ಟಲೇಬೇಕೆಂದರೆ, ನಡುವೆ ಬಿಟ್ಟರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ ಎಂಬುದು ಕಾಗದದಲ್ಲಿ ಇರಬೇಕು.

ಶಾಲೆ ಬದಲಿಸುವವರಿಗೆ ಇನ್ನೂ ಕೆಲವು ಸಂಗತಿಗಳಿವೆ. ಹೊಸ ಇನ್‌ಸ್ಟ್ರಕ್ಟರ್ ಹಳೆಯ ಲಾಗ್‌ಬುಕ್ ನೋಡಿ ಸುಮ್ಮನೆ ಸೋಲೋಗೆ ಬಿಡುವುದಿಲ್ಲ. ತಾವೇ ಜೊತೆಗೆ ಕೂತು ಕೆಲವು ಗಂಟೆ ಪರೀಕ್ಷಿಸುತ್ತಾರೆ, ಅದು ಸರಿಯೂ ಹೌದು. ಗುಂಡು ಮೀಟರುಗಳ ಸೆಸ್ನಾ 152 ಕಲಿತವರು ಪರದೆಗಳಿರುವ ಬೇರೆ ವಿಮಾನಕ್ಕೆ ಹೋದರೆ ಕಣ್ಣು ಒಗ್ಗಲು ಮತ್ತಷ್ಟು ಗಂಟೆ ಬೇಕು. ಸಾಧ್ಯವಾದರೆ ಕಲಿತ ಜಾತಿಯ ವಿಮಾನವೇ ಇರುವ ಶಾಲೆ ಹುಡುಕುವುದು ಲೇಸು. ಹಳೆಯ ಗಂಟೆಗಳೂ ಹಾಗೇ ಇಟ್ಟರೆ ಹಳಸುತ್ತವೆ, ಏಕೆಂದರೆ ನಿಯಮ ಇತ್ತೀಚಿನ ಹಾರಾಟವನ್ನೂ ಕೇಳುತ್ತದೆ.

ಹಳೆಯ ಶಾಲೆ ಬಿಡುವ ದಿನ ಲಾಗ್‌ಬುಕ್ಕನ್ನು ಸಾಲು ಸಾಲಾಗಿ ನೋಡಬೇಕು: ದಿನಾಂಕ, ವಿಮಾನದ ನೋಂದಣಿ ಸಂಖ್ಯೆ, ಜೊತೆಗಿದ್ದವರ ಹೆಸರು, ಸೋಲೋ ಎಷ್ಟು, ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನದು) ಎಷ್ಟು. ಪುಟದ ಕೊನೆಯ ಮೊತ್ತ ತಾಳೆಯಾಗಬೇಕು, ಮುಖ್ಯ ಇನ್‌ಸ್ಟ್ರಕ್ಟರ್ ಸಹಿ, ಮೊಹರು ಬೀಳಬೇಕು. ತರಬೇತಿಯ ಪ್ರಗತಿ ವರದಿಗಳ ನಕಲನ್ನೂ ಅವತ್ತೇ ಪಡೆಯಬೇಕು. ಆರು ತಿಂಗಳು ಬಿಟ್ಟು ಹೋದರೆ, ಸಹಿ ಹಾಕಬೇಕಾದವರು ಏರ್‌ಲೈನ್ ಸೇರಿ ಬೇರೆ ಊರಿನಲ್ಲಿರಬಹುದು.