ಅಳತೆಗೋಲು ಎಲ್ಲಿ, ಲೆಕ್ಕ ಅಲ್ಲಿ

ಕಾವೇರಿ ನೀರಿನ ಜಗಳ ಎಂದಕೂಡಲೇ ಇಂದು ಬಿಳಿಗುಂಡ್ಲು ನೆನಪಾಗುತ್ತದೆ. ನೂರು ವರ್ಷಗಳ ಹಿಂದೆ ಲೆಕ್ಕದ ಗೋಲು ಅಲ್ಲಿರಲಿಲ್ಲ. 1924ರ ಮೈಸೂರು–ಮದ್ರಾಸ್ ಒಪ್ಪಂದಕ್ಕೆ ಸೇರಿದ ನಿಯಮಗಳು, ಕೃಷ್ಣರಾಜಸಾಗರದಲ್ಲಿ ನೀರು ತುಂಬಿಸುವ ಮುನ್ನ ಕೆಳಗೆ ಇರಬೇಕಾದ ಕನಿಷ್ಠ ಹರಿವನ್ನು ತಿರುಚಿರಾಪಳ್ಳಿ ಬಳಿಯ ಮೇಲಣೆಕಟ್ಟಿನ ಗೋಲಿನ ಅಡಿಗಳಲ್ಲಿ ಹೇಳಿದ್ದವು: ಜೂನ್‌ನಲ್ಲಿ 6.5, ಜುಲೈ–ಆಗಸ್ಟ್‌ನಲ್ಲಿ 7.5. ಅಷ್ಟು ಕೆಳಗಿನ ಗೋಲಿಗೆ ಭವಾನಿ, ನೊಯ್ಯಲ್ ನೀರು ತಾಗುತ್ತಿತ್ತು. ತಿರುಪ್ಪೂರು ಜಿಲ್ಲೆಯ ಮಡತ್ತುಕುಳಂ ಮಗ್ಗುಲಲ್ಲಿ ಹರಿದು ಕರೂರಿನಾಚೆ ಕಾವೇರಿ ಸೇರುವ ಅಮರಾವತಿಯದೂ ತಾಗುತ್ತಿತ್ತು. ಮುಂದೆ ಗೋಲು ಮೇಲಕ್ಕೆ ಏರುತ್ತ ಹೋಯಿತು. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶ ಮೆಟ್ಟೂರಿಗೆ ವರ್ಷಕ್ಕೆ 205 ಟಿಎಂಸಿ ಅಡಿ ಎಂದಿತು; 2007ರ ಅಂತಿಮ ತೀರ್ಪು ಗಡಿಯ ಬಿಳಿಗುಂಡ್ಲುವಿನಲ್ಲಿ 192 ಎಂದಿತು; 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ಕೆಳಗೆ ಸುರಿಯುವ ಮಳೆಗೆ ಕರ್ನಾಟಕ ಹೊಣೆಯಲ್ಲವಾದ್ದರಿಂದ ಈ ಏರಿಕೆ ನ್ಯಾಯವೇ. ಆದರೆ ಗೋಲು ಸರಿದಂತೆ ಅಮರಾವತಿ ಚರ್ಚೆಯಿಂದಲೂ ಸರಿಯಿತು.

ಗೋಲು ನೀರಿನ ಮಟ್ಟವನ್ನಷ್ಟೇ ಹೇಳುತ್ತದೆ, ಹರಿವನ್ನಲ್ಲ. ಹರಿವು ತಿಳಿಯಲು ನದಿಯ ಅಗಲವನ್ನು ಭಾಗಗಳಾಗಿ ಹಂಚಿ, ಪ್ರತಿ ಭಾಗದಲ್ಲೂ ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ವೇಗಮಾಪಕ ಇಳಿಸಿ, ಸಿಕ್ಕ ವೇಗವನ್ನು ಆ ಭಾಗದ ವಿಸ್ತೀರ್ಣದಿಂದ ಗುಣಿಸಿ ಎಲ್ಲವನ್ನೂ ಕೂಡುತ್ತಾರೆ. ಬೇರೆಬೇರೆ ಮಟ್ಟಗಳಲ್ಲಿ ಹೀಗೆ ಅಳೆದು ಮಟ್ಟಕ್ಕೂ ಹರಿವಿಗೂ ಒಂದು ರೇಖೆ ಎಳೆದರೆ, ಆಮೇಲೆ ದಿನವೂ ಗೋಲು ನೋಡಿದರೆ ಸಾಕು. ಮರಳು ತೆಗೆದು ತಳ ತಗ್ಗಿದರೆ ಅದೇ ಮಟ್ಟದಲ್ಲಿ ಹೆಚ್ಚು ನೀರು ಹೋಗುತ್ತದೆ, ಹಳೆಯ ರೇಖೆ ಸುಳ್ಳಾಗುತ್ತದೆ. ದಿನವಿಡೀ ಸಾವಿರ ಕ್ಯುಸೆಕ್ ತಪ್ಪಿದರೆ ಹನ್ನೆರಡು ದಿನದೊಳಗೆ ಒಂದು ಟಿಎಂಸಿ ಅಡಿಯ ವ್ಯತ್ಯಾಸ. ಒಂದೇ ಗೋಲನ್ನು ನಂಬಿ ಕೂರಲಾಗದು ಎನ್ನುವುದು ಇದಕ್ಕೇ.

ಗಡಿಯಿಂದಾಚೆಯದು ತಮಿಳುನಾಡಿನ ಮನೆಯ ವಿಚಾರ, ನಮಗೇಕೆ ಎನ್ನಬಹುದು. ಆದರೆ ನ್ಯಾಯಮಂಡಳಿ ಹಂಚಿದ 740 ಟಿಎಂಸಿ ಅಡಿ ಲೆಕ್ಕ ಹಾಕಿದ್ದು ಕೊಳ್ಳಿಡಂನ ಕೆಳ ಅಣೆಕಟ್ಟಿನಲ್ಲಿ. ಅದರೊಳಗೆ ಅಮರಾವತಿಯೂ ಇದೆ. ಅದರ ಮೇಲ್ದಂಡೆಯ ಪಾಂಬಾರ್ ಪಾತ್ರದಲ್ಲಿ ಕೇರಳಕ್ಕೆ 3 ಟಿಎಂಸಿ ಅಡಿಯ ಪಾಲೂ ಉಂಟು. 2018ರಲ್ಲಿ ಕರ್ನಾಟಕಕ್ಕೆ ಹೆಚ್ಚುವರಿ ಸಿಕ್ಕ 14.75ರಲ್ಲಿ 10 ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ನ್ಯಾಯಾಲಯ ಪರಿಗಣಿಸಿದ್ದರಿಂದ. ಬಿಳಿಗುಂಡ್ಲುವಿನ ಯಾವ ಗೋಲಿಗೂ ತಾಗದ ನೀರು ಅದು.

ಅಮರಾವತಿಯನ್ನು ಯಾರೂ ಅಳೆಯುತ್ತಿಲ್ಲ ಎಂದಲ್ಲ. 1957ರ ಅಣೆಕಟ್ಟಿನಲ್ಲಿ ಮಟ್ಟ ನೋಡುತ್ತಾರೆ, ನಲ್ಲಮಾರನ್‌ಪಟ್ಟಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಮಳೆ ಕೈಕೊಟ್ಟ ವರ್ಷ ಸಂಕಷ್ಟವನ್ನು ಹಂಚಿಕೊಳ್ಳಬೇಕಾದರೆ ಬಿಳಿಗುಂಡ್ಲುವಿನ ಅಂಕಿಯ ಪಕ್ಕದಲ್ಲೇ ಈ ಉಪನದಿಗಳ ಅಂಕಿಗಳನ್ನೂ ಇಟ್ಟು ಮಾತಾಡಬೇಕು. ಗಡಿಯ ಗೋಲು ಕೊಟ್ಟ ನೀರನ್ನು ಹೇಳೀತು, ಇದ್ದ ನೀರನ್ನಲ್ಲ.