ದೂರದಿಂದಲೇ ಗಣಕಗಳ ನಾಡಿ ನೋಡುವ ಬಗೆ

ಸವದತ್ತಿ ತಾಲೂಕಿನ ಒಂದು ಹಳ್ಳಿಯ ರೈತನು ಬೆಳೆಸಾಲಕ್ಕೆ ಅರ್ಜಿ ಹಾಕಬೇಕಾಗಿದೆಯೆಂದು ಭಾವಿಸೋಣ. ಅದಕ್ಕೆ ಅವನ ಹೊಲದ ಉತಾರ ಬೇಕು. ಬೆಳಗಿನ ಬಸ್ಸು ಹಿಡಿದು ತಾಲೂಕು ಕಚೇರಿಗೆ ಬಂದು, ಕಿಟಕಿಯ ಮುಂದೆ ನಿಂತು, ಸರ್ವೆ ನಂಬರನ್ನು ಹೇಳುತ್ತಾನೆ. ಯಂತ್ರಗಳೆಲ್ಲ ಸರಿಯಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಮುದ್ರಿತ ಉತಾರವು ಅವನ ಕೈಸೇರುತ್ತದೆ. ಇಲ್ಲವಾದರೆ ಕೇಳಿಬರುವ ಮಾತು ನಮಗೆಲ್ಲ ಪರಿಚಿತವಾದದ್ದೆ: “ಸರ್ವರ್ ಇಲ್ಲ, ನಾಳೆ ಬರ್ರಿ.” ಅಲ್ಲಿಗೆ ಅವನ ಒಂದು ದಿನದ ದುಡಿಮೆಯೂ ಬಸ್ಸಿನ ಹಣವೂ ಹೋದಂತೆಯೇ.

ಈ ‘ಸರ್ವರ್’ ಎಂಬುದು ಎಲ್ಲಿದೆ? ಅದು ನಿಂತುಹೋದದ್ದು ಯಾರಿಗೆ ತಿಳಿಯುತ್ತದೆ? ನಾನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕುಳಿತವರು ಅದರ ರೋಗವನ್ನು ಕಂಡುಹಿಡಿದು, ಅಲ್ಲಿಂದಲೇ ಚಿಕಿತ್ಸೆ ಮಾಡುವುದು ಹೇಗೆ? ಈ ಪ್ರಶ್ನೆಗಳನ್ನು ಈ ಲೇಖನದಲ್ಲಿ ನಾವು ವಿಚಾರಿಸೋಣ.

ಕಪಾಟಿನಿಂದ ಕೇಂದ್ರಕ್ಕೆ

ಕರ್ನಾಟಕದ ಜಮೀನಿನ ದಾಖಲೆಗಳು ಬಹುಕಾಲ ಹಳ್ಳಿಯ ತಲಾಠಿಗಳ ಕೈಬರಹದ ಪುಸ್ತಕಗಳಲ್ಲಿದ್ದುವು. ‘ಭೂಮಿ’ ಎಂಬ ಯೋಜನೆಯು ಇವುಗಳನ್ನು ಗಣಕಯಂತ್ರಗಳಿಗೆ ಏರಿಸಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ರಾಜ್ಯದ 177 ತಾಲೂಕುಗಳ ಯಂತ್ರಗಳನ್ನು ಸೇರಿದ್ದುವು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಈ ತಾಲೂಕುಗಳಲ್ಲಿದ್ದುವು. ಆಗ ಬೈಲಹೊಂಗಲಕ್ಕೆ ಸೇರಿದ್ದ ಕಿತ್ತೂರು ಈಗ ತಾನೇ ಒಂದು ತಾಲೂಕಾಗಿದೆ.

ಆರಂಭದಲ್ಲಿ ಆಯಾ ತಾಲೂಕಿನ ದಾಖಲೆಯು ಆಯಾ ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಯಂತ್ರವು ಕೆಟ್ಟರೆ ಸರಿಪಡಿಸುವವನು ಊರಿಗೇ ಬರಬೇಕು. ಅನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿದುವು. ತಾಲೂಕು ಕಚೇರಿಗಳು ರಾಜ್ಯವ್ಯಾಪಿ ಜಾಲದ ಮೂಲಕ ಅದಕ್ಕೆ ಜೋಡಣೆಗೊಂಡುವು. ಈ ಜಾಲಕ್ಕೆ ಮೂರು ಮಜಲುಗಳುಂಟು: ರಾಜಧಾನಿ, ಜಿಲ್ಲಾಕೇಂದ್ರ, ತಾಲೂಕು. ರಾಮದುರ್ಗದಲ್ಲಿ ಒತ್ತಿದ ಒಂದು ಗುಂಡಿಯು ಬೆಳಗಾವಿಯನ್ನು ಹಾದು ಬೆಂಗಳೂರನ್ನು ಮುಟ್ಟಿ, ಉತ್ತರವನ್ನು ಹೊತ್ತು ಹಿಂದಿರುಗಬೇಕು. ದಾರಿಯಲ್ಲಿ ಎಷ್ಟು ಯಂತ್ರಗಳುಂಟೋ ಅಷ್ಟೂ ಕಡೆ ಕೆಡಕು ಸಂಭವಿಸಬಹುದು. ಆದುದರಿಂದಲೇ ಎಲ್ಲವನ್ನೂ ಒಂದೆಡೆಯಿಂದ ಹಗಲಿರುಳು ನೋಡುತ್ತಿರುವ ಕಾವಲು ಕೇಂದ್ರವು ಅವಶ್ಯಕವಾಯಿತು.

ಕೇಳುವುದು, ಹೇಳಿಸಿಕೊಳ್ಳುವುದು

ಕಾವಲು ಕೇಂದ್ರವು ಎರಡು ವಿಧಗಳಿಂದ ಸುದ್ದಿ ತಿಳಿಯುತ್ತದೆ. ಮೊದಲನೆಯದು, ತಾನೇ ಕೇಳುವುದು. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬ ಅಮೆರಿಕದ ತಂತ್ರಜ್ಞನು ‘ಪಿಂಗ್’ ಎಂಬ ಪುಟ್ಟ ಕ್ರಮವಿಧಿಯನ್ನು ಬರೆದನು. ಜಲಾಂತರ್ಗಾಮಿಯು ನೀರಿನಲ್ಲಿ ಸದ್ದನ್ನು ಕಳುಹಿಸಿ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಅರಿಯುವುದಷ್ಟೆ? ಆ ಸದ್ದಿನ ಹೆಸರೇ ಇದಕ್ಕೂ ಬಂದಿತು. “ಇದ್ದೀಯಾ?” ಎಂದು ಕೇಂದ್ರವು ಕೇಳಿದರೆ “ಇದ್ದೇನೆ” ಎಂದು ದೂರದ ಯಂತ್ರವು ಉತ್ತರಿಸುತ್ತದೆ.

ಇದ್ದೇನೆಂಬ ಮಾತೊಂದೇ ಆರೋಗ್ಯದ ಲಕ್ಷಣವಲ್ಲ. ಜ್ವರದವನೂ ಕರೆದರೆ ಓಗೊಡುತ್ತಾನೆ. ಆದ್ದರಿಂದ 1988ರಲ್ಲಿ ಜಾಲನಿರ್ವಹಣೆಗೆಂದೇ ಒಂದು ಸರಳ ನಿಯಮಾವಳಿಯು ರಚಿತವಾಯಿತು. ಇದರ ಮೇರೆಗೆ ಪ್ರತಿಯೊಂದು ಯಂತ್ರವೂ ತನ್ನ ಸ್ಥಿತಿಯನ್ನು ಅಂಕೆಗಳ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ: ಎಷ್ಟು ಹೊತ್ತಿನಿಂದ ಎಚ್ಚರವಿದ್ದೇನೆ, ಒಳಗಿನ ಉಷ್ಣತೆ ಎಷ್ಟು, ಸಂಗ್ರಹದಲ್ಲಿ ಎಷ್ಟು ಜಾಗ ಉಳಿದಿದೆ, ಬಂದ ಸಂದೇಶಗಳಲ್ಲಿ ಕೆಟ್ಟವು ಎಷ್ಟು. ಕೇಂದ್ರವು ಪಟ್ಟಿಯ ಯಾವ ಸಾಲನ್ನು ಕೇಳಿದರೂ ಯಂತ್ರವು ಆ ಅಂಕೆಯನ್ನು ಹೇಳುತ್ತದೆ. 177 ತಾಲೂಕುಗಳಲ್ಲಿ ತಲಾ ಹತ್ತು ಯಂತ್ರಗಳಿವೆಯೆಂದೂ, 5 ನಿಮಿಷಕ್ಕೊಮ್ಮೆ ಒಂದೊಂದು ಪ್ರಶ್ನೆಯೆಂದೂ ಭಾವಿಸಿದರೆ ದಿನಕ್ಕೆ 5,09,760 ಪ್ರಶ್ನೆಗಳಾದುವು. ಇಷ್ಟನ್ನೂ ಮನುಷ್ಯನು ಓದಲಾರನು; ಮಿತಿ ಮೀರಿದ ಅಂಕೆಯನ್ನು ಮಾತ್ರ ಗಣಕವೇ ಆರಿಸಿ ಅವನ ಮುಂದಿಡುತ್ತದೆ.

ಎರಡನೆಯ ವಿಧವೆಂದರೆ, ಕೇಳುವ ಮೊದಲೇ ಯಂತ್ರವು ತಾನಾಗಿ ಕೂಗುವುದು. ಬೀಸಣಿಗೆ ನಿಂತಿತೆಂದೋ, ವಿದ್ಯುತ್ತು ಹೋಗಿ ಬ್ಯಾಟರಿಯ ಮೇಲೆ ನಡೆಯುತ್ತಿದ್ದೇನೆಂದೋ ಅದು ಒಡನೆಯೇ ವರದಿ ಮಾಡುತ್ತದೆ.

ಮೌನದ ಅರ್ಥ

ಯಂತ್ರವು ಉತ್ತರವನ್ನೇ ಕೊಡದಿದ್ದರೆ? ಇಲ್ಲಿಯೇ ಕಾವಲುಗಾರನ ಜಾಣತನಕ್ಕೆ ಪರೀಕ್ಷೆ. ಯಂತ್ರ ಕೆಟ್ಟಿರಬಹುದು, ತಂತು ಕಡಿದಿರಬಹುದು, ಬರಿಯ ವಿದ್ಯುತ್ತೇ ಹೋಗಿರಬಹುದು. ಮೂರಕ್ಕೂ ಕೇಂದ್ರದಲ್ಲಿ ತೋರುವ ಲಕ್ಷಣ ಒಂದೇ: ಮೌನ.

ಬೆಳಗಾವಿಯಿಂದ ಒಂದು ತಂತು ಕಿತ್ತೂರಿಗೂ, ಇನ್ನೊಂದು ಬೈಲಹೊಂಗಲವನ್ನು ಹಾದು ಸವದತ್ತಿಗೂ ಅಲ್ಲಿಂದ ರಾಮದುರ್ಗಕ್ಕೂ ಹೋಗಿದೆಯೆಂದು ಊಹಿಸೋಣ. ರಾಮದುರ್ಗವೊಂದೇ ಮೌನವಾದರೆ ಕೆಡಕು ಸವದತ್ತಿಯಿಂದ ಆಚೆಗೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಒಮ್ಮೆಲೇ ಮೌನವಾಗಿ ಕಿತ್ತೂರು ಮಾತ್ರ ಓಗೊಟ್ಟರೆ, ಮೂರು ಊರುಗಳಲ್ಲಿ ಮೂರು ರೋಗಗಳು ಒಂದೇ ಗಳಿಗೆಯಲ್ಲಿ ಹುಟ್ಟಿದುವೆಂದು ನಂಬುವುದಕ್ಕಿಂತ, ಬೈಲಹೊಂಗಲದಲ್ಲಿ ಅಥವಾ ಅದರ ಈಚೆಗೆ ಒಂದೇ ಕೆಡಕು ಸಂಭವಿಸಿತೆಂದು ತಿಳಿಯುವುದು ಯುಕ್ತ. ನಾಲ್ಕೂ ನಿಂತರೆ ಬೆಳಗಾವಿಯ ಕಡೆಗೇ ನೋಡಬೇಕು. ಮೂಲವು ಒಂದೆಂದು ತಿಳಿದ ಮೇಲೆ ಉಳಿದ ಗಂಟೆಗಳ ಗದ್ದಲವನ್ನು ಗಣಕವು ಅಡಗಿಸುತ್ತದೆ.

ವಿದ್ಯುತ್ತು ಹೋಯಿತೋ ತಂತು ಕಡಿಯಿತೋ ಎಂಬುದನ್ನು ಬೇರ್ಪಡಿಸಲು ಇನ್ನೊಂದು ಸೊಗಸಾದ ಉಪಾಯವುಂಟು. ಕೆಲವು ಯಂತ್ರಗಳಲ್ಲಿ ಒಂದು ಕೆಪಾಸಿಟರನ್ನು ಇಟ್ಟಿರುತ್ತಾರೆ. ವಿದ್ಯುತ್ತು ನಿಂತ ಕ್ಷಣದಲ್ಲಿ, ಅದರಲ್ಲಿ ಉಳಿದ ಅಲ್ಪಶಕ್ತಿಯಿಂದಲೇ ಯಂತ್ರವು “ವಿದ್ಯುತ್ತು ಹೋಯಿತು” ಎಂಬ ಒಂದು ಸಂದೇಶವನ್ನು ಕಳುಹಿಸಿ ಆರಿಹೋಗುತ್ತದೆ. ತಂತ್ರಜ್ಞರು ಇದನ್ನು ‘ಕೊನೆಯುಸಿರು’ ಎಂದೇ ಕರೆಯುತ್ತಾರೆ. ಕೊನೆಯುಸಿರು ಕೇಳಿಸಿ ಮೌನವಾದರೆ ವಿದ್ಯುತ್ತಿನ ತೊಂದರೆ. ಕೇಳಿಸದೆಯೇ ಮೌನವಾದರೆ ತಂತುವಿನ ಮೇಲೆ ಸಂಶಯ.

ಬೆಳಕಿನ ಅಳತೆಗೋಲು

ಗಾಜಿನ ತಂತುವಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರು, ಹೋಗಿಬರಲು 1,000. ಎಂದರೆ ಪ್ರಶ್ನೋತ್ತರಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ 5 ಭಾಗ ಸಾಕು. ನಡುವಣ ಯಂತ್ರಗಳಿಂದ ಇನ್ನಷ್ಟು ತಡವಾಗುತ್ತದೆ. ಅದೇ ಸಂದೇಶವು 36,000 ಕಿಲೋಮೀಟರು ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಹೋದರೆ, ಪ್ರಶ್ನೆಗೆ ಒಮ್ಮೆ ಏರಿಳಿತ, ಉತ್ತರಕ್ಕೆ ಒಮ್ಮೆ, ಒಟ್ಟು 1,44,000 ಕಿಲೋಮೀಟರು ಹಾಯಬೇಕು. ಅದಕ್ಕೆ ಅರ್ಧ ಸೆಕೆಂಡಿನಷ್ಟು ಕಾಲ ಬೇಕು. ಉತ್ತರವು ಬಂದ ಹೊತ್ತನ್ನು ನೋಡಿಯೇ ಅದು ನೆಲದ ದಾರಿಯಿಂದ ಬಂದಿತೋ ಆಕಾಶದ ದಾರಿಯಿಂದಲೋ ಎಂದು ಹೇಳಬಹುದು.

ಕಡಿದ ಜಾಗವನ್ನೂ ಬೆಳಕಿನಿಂದಲೇ ಅಳೆಯುತ್ತಾರೆ. ತಂತುವಿನ ಒಂದು ತುದಿಯಿಂದ ಬೆಳಕಿನ ಕಿರುಮಿಡಿತವನ್ನು ಬಿಟ್ಟರೆ, ಕಡಿದ ಬಾಯಿಯಿಂದ ಅದರ ಒಂದಂಶ ಹಿಂದಿರುಗುತ್ತದೆ. ಹೋಗಿಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ 300 ಭಾಗ ಹಿಡಿಯಿತೆನ್ನಿ. ಆಗ ಬೆಳಕು ನಡೆದ ದೂರ 60 ಕಿಲೋಮೀಟರು. ಕಡಿದ ಜಾಗವು ಅದರ ಅರ್ಧ, ಎಂದರೆ 30ನೆಯ ಕಿಲೋಮೀಟರಿನ ಬಳಿ. ನೆಲವನ್ನು ಅಗೆಯದೆ, ಊರು ಬಿಡದೆ ಇಷ್ಟು ತಿಳಿಯಿತು!

ಸರಪಳಿಯ ಲೆಕ್ಕ

ವಿದ್ಯಾರ್ಥಿಗಳು ಸಂಭವನೀಯತೆಯ ಒಂದು ಲೆಕ್ಕವನ್ನು ಮಾಡಿನೋಡಬಹುದು. ಒಂದು ಯಂತ್ರವು ನೂರು ಗಂಟೆಗಳಲ್ಲಿ 99 ಗಂಟೆ ಸರಿಯಾಗಿರುತ್ತದೆ ಎಂದರೆ ಉತ್ತಮವೆಂದೇ ತೋರುತ್ತದೆ. ಆದರೆ ತಾಲೂಕಿನಿಂದ ರಾಜಧಾನಿಯವರೆಗೆ ಅಂಥ ನಾಲ್ಕು ಯಂತ್ರಗಳು ಸರಪಳಿಯಂತೆ ಇದ್ದರೆ ನಾಲ್ಕೂ ಸರಿಯಾಗಿರುವ ಸಂಭವವು 0.99ರ ನಾಲ್ಕನೆಯ ಘಾತ, ಎಂದರೆ 0.96ಕ್ಕೆ ಸ್ವಲ್ಪ ಮೇಲೆ. ವರ್ಷದಲ್ಲಿ ಸುಮಾರು 14 ದಿನ ಕೆಲಸ ನಿಂತಂತಾಯಿತು. ಬದಲಿಗೆ ಎರಡು ಊರುಗಳ ನಡುವೆ ಅಂಥ ಎರಡು ತಂತುಗಳನ್ನು ಎಳೆದು, ಒಂದು ಹೋದರೆ ಇನ್ನೊಂದು ನಡೆಯುವಂತೆ ಮಾಡಿದರೆ, ಎರಡೂ ಒಮ್ಮೆಲೇ ನಿಲ್ಲುವ ಸಂಭವವು ಹತ್ತು ಸಾವಿರದಲ್ಲಿ ಒಂದು. ವರ್ಷಕ್ಕೆ ಒಂದು ಗಂಟೆಗೂ ಕಡಿಮೆ. ಆದರೆ ಎರಡೂ ತಂತುಗಳನ್ನು ಒಂದೇ ತಗ್ಗಿನಲ್ಲಿ ಹೂತರೆ, ರಸ್ತೆ ಅಗೆಯುವ ಯಂತ್ರದ ಒಂದೇ ಏಟಿಗೆ ಎರಡೂ ಕಡಿದು ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಗಣಿತವು ಕೇಳುವುದು ಸ್ವತಂತ್ರವಾದ ಎರಡು ದಾರಿಗಳನ್ನು.

ದೂರದ ಚಿಕಿತ್ಸೆ

ರೋಗ ತಿಳಿದ ಮೇಲೆ ಚಿಕಿತ್ಸೆ. ಕೇಂದ್ರದ ತಂತ್ರಜ್ಞನು ತನ್ನ ಪರದೆಯಲ್ಲಿ ದೂರದ ಯಂತ್ರವನ್ನು ತೆರೆದು, ನಿಂತ ಕ್ರಮವಿಧಿಯನ್ನು ಮತ್ತೆ ಚಾಲೂ ಮಾಡಬಲ್ಲನು; ತುಂಬಿದ ಸಂಗ್ರಹವನ್ನು ತೆರವು ಮಾಡಬಲ್ಲನು; ದೋಷ ತಿದ್ದಿದ ಹೊಸ ತಂತ್ರಾಂಶವನ್ನು ಎಲ್ಲ ತಾಲೂಕುಗಳಿಗೂ ಒಂದೇ ರಾತ್ರಿಯಲ್ಲಿ ಕಳುಹಿಸಬಲ್ಲನು. ಈ ವಿದ್ಯೆಯು ಗಣಕಜಾಲದಷ್ಟೇ ಹಳೆಯದು. 1969ರಲ್ಲಿ ನಾಲ್ಕು ಯಂತ್ರಗಳಿಂದ ಆರಂಭವಾದ ಅಮೆರಿಕದ ಆರ್ಪಾನೆಟ್ ಜಾಲದ ಯಂತ್ರಗಳು ತಮ್ಮ ಸ್ಥಿತಿಯನ್ನು ಕೇಂಬ್ರಿಜ್ ಪಟ್ಟಣದ ಕೇಂದ್ರಕ್ಕೆ ತಾವೇ ವರದಿ ಮಾಡುತ್ತಿದ್ದುವು. ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ಉಪಗ್ರಹಗಳನ್ನು ಹೀಗೆಯೇ ನೋಡಿಕೊಳ್ಳುತ್ತಿದೆ. ಅಲ್ಲಿಗೆ ರಿಪೇರಿಗಾರನು ಹತ್ತಿ ಹೋಗುವಂತಿಲ್ಲವಷ್ಟೆ!

ಇದರ ಪರಮಾವಧಿಯೆಂದರೆ 1977ರಲ್ಲಿ ಹಾರಿದ ವಾಯೇಜರ್-1. 2023ರ ನವೆಂಬರಿನಲ್ಲಿ ಅದರ ಗಣಕದ ಸ್ಮೃತಿಯ ಒಂದು ಚಿಪ್ಪು ಕೆಟ್ಟು ಅರ್ಥವಿಲ್ಲದ ಸಂದೇಶಗಳು ಬರತೊಡಗಿದುವು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಕ್ರಮವಿಧಿಯನ್ನು ತುಂಡುಮಾಡಿ ಸ್ಮೃತಿಯ ಬೇರೆ ಜಾಗಗಳಲ್ಲಿ ಇರಿಸಿ ಅದನ್ನು ಗುಣಪಡಿಸಿದರು. ಆಜ್ಞೆಯು ಅಲ್ಲಿಗೆ ತಲಪಲು 22½ ಗಂಟೆ. ಉತ್ತರ ಬರಲು ಅಷ್ಟೇ.

ಒಂದೇ ಕೈಯಲ್ಲಿ ಎಲ್ಲ ಕೀಲಿಗಳು

ಎಲ್ಲ ಮನೆಗಳ ಕೀಲಿಗೊಂಚಲು ಒಬ್ಬನ ಕೈಯಲ್ಲಿದ್ದರೆ ಅನುಕೂಲವೂ ಹೆಚ್ಚು, ಭಯವೂ ಹೆಚ್ಚು. 2020ರಲ್ಲಿ ಸೋಲಾರ್‌ವಿಂಡ್ಸ್ ಸಂಸ್ಥೆಯ ಜಾಲ ಕಾಯುವ ತಂತ್ರಾಂಶದೊಳಗೇ ಕಳ್ಳರು ತಮ್ಮ ಬರಹವನ್ನು ಸೇರಿಸಿದ್ದು ಬೆಳಕಿಗೆ ಬಂದಿತು. ಸುಮಾರು 18,000 ಗ್ರಾಹಕರಿಗೆ ಅದು ಹೋಗಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ಜಾಲವು ತಪ್ಪು ಆಜ್ಞೆಯೊಂದರಿಂದ ಸುಮಾರು ಆರು ಗಂಟೆ ನಿಂತಿತು. ಸರಿಪಡಿಸಲು ಬಳಸಬೇಕಾದ ದಾರಿಯೂ ಅದೇ ಜಾಲವಾಗಿದ್ದುದರಿಂದ ತಂತ್ರಜ್ಞರು ಯಂತ್ರಗಳ ಬಳಿಗೇ ಹೋಗಬೇಕಾಯಿತು. ಬಾವಿಗೆ ಬಿದ್ದವನನ್ನು ಎತ್ತುವ ಹಗ್ಗವೂ ಬಾವಿಯೊಳಗೇ ಇದ್ದಂತೆ! ಆದ್ದರಿಂದ ದುರಸ್ತಿಗೆಂದೇ ಬೇರೊಂದು ದಾರಿಯನ್ನು ಇಟ್ಟುಕೊಂಡಿರುವುದು ಜಾಣತನ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ದೂರದಿಂದ ಕಳುಹಿಸಿದ ಒಂದು ತಿದ್ದುಪಡಿಯು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಗಳನ್ನು ಕೆಡವಿತು. ಅವು ಏಳಲೇ ಆರದೆ ಹೋದುದರಿಂದ, ಹಲವೆಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬನು ಕುಳಿತು ಸರಿಪಡಿಸಬೇಕಾಯಿತು. ಹೊಸ ತಿದ್ದುಪಡಿಯನ್ನು ಮೊದಲು ಒಂದು ತಾಲೂಕಿನಲ್ಲಿ ಪರೀಕ್ಷಿಸಿ, ಆಮೇಲೆ ಹತ್ತಕ್ಕೆ, ಅನಂತರವೇ ಎಲ್ಲಕ್ಕೂ ಕಳುಹಿಸಬೇಕೆಂಬ ನೀತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕೇಂದ್ರದ ಕಣ್ಣು ಎಷ್ಟು ಚುರುಕಾಗಿದ್ದರೂ ಸುಟ್ಟ ತಂತಿಯನ್ನು ಬದಲಿಸುವ ಕೈ ಊರಿನಲ್ಲೇ ಬೇಕು. ರಾಮದುರ್ಗದ ಯಂತ್ರದ ಜ್ವರವನ್ನು ಬೆಂಗಳೂರಿನಲ್ಲಿ ಅಳೆಯಬಹುದು. ಅದರ ಬೀಸಣಿಗೆಯ ಧೂಳನ್ನು ಅಲ್ಲಿಂದ ಒರೆಸಲಾಗದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಶಾಲೆ ಕಾಲೇಜುಗಳಲ್ಲಿ ಇಂದು ಓದುತ್ತಿರುವವರಲ್ಲಿ ಕೆಲವರು ನಾಳೆ ಆ ಕೇಂದ್ರದ ಪರದೆಯ ಮುಂದೆ ಕುಳಿತಾರು, ಕೆಲವರು ಊರಿನಲ್ಲೇ ಯಂತ್ರದ ಮುಚ್ಚಳವನ್ನು ತೆರೆದಾರು. ಇಬ್ಬರ ವಿದ್ಯೆಯೂ ಕೂಡಿದಾಗಲೇ ಬೆಳಗಿನ ಬಸ್ಸಿಗೆ ಬಂದವನು ಮಧ್ಯಾಹ್ನದ ಬಸ್ಸಿಗೆ ಹೊಲ ಸೇರುವುದು ಸಾಧ್ಯ.