ಮನೆತುಂಬ ನೆಂಟರು, ಮನಸ್ಸಿಗೆ ನಿರಾಳ

ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಯಾರಿಗೆ ತಾನೇ ಸಂತೋಷವಾಗದು? ಆದರೆ ಆ ಸಂತೋಷದಲ್ಲಿ ಮನೆಯವರ ಪಾಲು ಎಷ್ಟು ಎಂದು ನಾವು ಕೇಳಿಕೊಳ್ಳುವುದು ಅಪರೂಪ.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಪ್ರತಿ ದಸರೆಗೂ ಗೊಂಬೆ ಕೂರಿಸುತ್ತಿದ್ದರು. ಒಂದು ವರ್ಷ ಬಂದವರೆಲ್ಲ ಹೊರಟುಹೋದ ಮೇಲೆ, ರಾತ್ರಿ ಹತ್ತೂವರೆಗೆ, ಅವರು ಅಡುಗೆಮನೆಯ ಗೋಡೆಗೊರಗಿ ಕುಳಿತು, "ಯಾರ್ಯಾರು ಬಂದಿದ್ದರೋ?" ಎಂದು ನಮ್ಮನ್ನೇ ಕೇಳಿದರು. ಇಪ್ಪತ್ತು ಜನ ಅವರ ಮನೆಗೆ ಬಂದು, ಅವರ ಕೈಯಡುಗೆಯನ್ನೇ ಉಂಡು ಹೋಗಿದ್ದರು. ಚಿಕ್ಕಮ್ಮನಿಗೆ ತಿಳಿದಿದ್ದುದು ಸಕ್ಕರೆ ಹಾಕಿದ ಕಾಫಿ ಎಷ್ಟು ಲೋಟ, ಹಾಕದ್ದು ಎಷ್ಟು ಲೋಟ ಎಂಬುದು ಮಾತ್ರ. ಅವರಿಗೆ ಇನ್ನೂ ಊಟವೇ ಆಗಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಇಂಥ ಆಯಾಸಕ್ಕೆ ಕಾರಣ ಬಂದವರ ಸಂಖ್ಯೆ ಎಂದು ನಾವು ತಿಳಿಯುತ್ತೇವೆ. ನಿಜವಾದ ಕಾರಣ ಬೇರೆ. ಎಲ್ಲ ಕೆಲಸವೂ ಒಂದೇ ಗಂಟೆಯೊಳಗೆ, ಒಬ್ಬರ ಕೈಗೇ ಬಂದು ಬೀಳುತ್ತದೆ. ಆದ್ದರಿಂದ ಪರಿಹಾರವೂ ಎರಡೇ: ಕೆಲಸವನ್ನು ಹೊತ್ತಿನಲ್ಲಿ ಹಂಚುವುದು, ಕೈಗಳಲ್ಲಿ ಹಂಚುವುದು.

ಕರೆಯುವಾಗಲೇ ಅರ್ಧ ಕೆಲಸ

"ಸಂಜೆ ಬನ್ನಿ" ಎಂದು ಕರೆದರೆ ಒಬ್ಬರು ಐದಕ್ಕೆ ಬರುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ. ಒಲೆ ಆರುವುದೇ ಇಲ್ಲ. "ಆರೂವರೆಗೆ ಬನ್ನಿ, ಎಂಟು ಗಂಟೆಗೆ ಊಟ" ಎಂದು ಹೇಳುವುದರಲ್ಲಿ ಸಂಕೋಚ ಬೇಡ. ಬರುವವರಿಗೂ ಅದರಿಂದ ಅನುಕೂಲವೇ. ಸಕ್ಕರೆ ಕಾಯಿಲೆಯವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ನೆಲದ ಮೇಲೆ ಕೂರಲಾರದ ಹಿರಿಯರು ಯಾರಿದ್ದಾರೆಂದು ಆಗಲೇ ವಿಚಾರಿಸಿಕೊಂಡರೆ, ಬಡಿಸುವ ಹೊತ್ತಿನಲ್ಲಿ ತಡಬಡಿಸಬೇಕಾಗುವುದಿಲ್ಲ.

ಬಗೆ ಕಡಿಮೆ, ಅಳತೆ ಸರಿ

ಹನ್ನೆರಡು ಬಗೆ ಮಾಡಿ ದಣಿದು ಬಡಿಸುವುದಕ್ಕಿಂತ ನಾಲ್ಕು ಬಗೆ ಮಾಡಿ ನಗುತ್ತಾ ಬಡಿಸುವುದು ಮೇಲು. ಇಪ್ಪತ್ತು ಜನರಿಗೆ ಬಿಸಿಬೇಳೆ ಬಾತ್, ಮೊಸರನ್ನ, ಕೋಸಂಬರಿ, ಶಾವಿಗೆ ಪಾಯಸ ಧಾರಾಳವಾಗಿ ಸಾಕು. ಬಾತಿಗೆ ಒಂದು ಕಿಲೋ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ, ಸುಮಾರು ಒಂದೂಕಾಲು ಕಿಲೋ ತರಕಾರಿ ಹಿಡಿಯುತ್ತದೆ. ಮೊಸರನ್ನಕ್ಕೆ ಅರ್ಧ ಕಿಲೋ ಅಕ್ಕಿ. ಕೋಸಂಬರಿಗೆ ಅರ್ಧ ಕಿಲೋ ಹೆಸರುಬೇಳೆ. ಪಾಯಸಕ್ಕೆ ಕಾಲು ಕಿಲೋ ಶಾವಿಗೆ, ಎರಡೂವರೆ ಲೀಟರ್ ಹಾಲು. ಕಾಫಿಗೆ ತಲಾ 10 ಗ್ರಾಂನಂತೆ 200 ಗ್ರಾಂ ಪುಡಿ, ಎರಡು ಲೀಟರ್ ಹಾಲು. ಅಳತೆ ಗೊತ್ತಿದ್ದರೆ "ಸಾಲುತ್ತದೋ ಇಲ್ಲವೋ" ಎಂಬ ಚಿಂತೆಯಿಲ್ಲ. ಮರುದಿನ ಚೆಲ್ಲುವ ಸಂಕಟವೂ ಇಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಚಕ್ಕುಲಿ, ಕೋಡುಬಳೆಗಳನ್ನು ಎರಡು ಮೂರು ದಿನ ಮೊದಲೇ ಕರಿದು ಡಬ್ಬಿಗೆ ತುಂಬಿಡಬಹುದು. ಬಾತಿನ ಪುಡಿ ಹಿಂದಿನ ದಿನ ಹುರಿದು ಕುಟ್ಟಿಟ್ಟರಾಯಿತು. ಡಿಕಾಕ್ಷನ್ ಮಧ್ಯಾಹ್ನವೇ ಇಳಿಸಿಡಿ. ಅದನ್ನು ನೇರ ಒಲೆಯ ಮೇಲಿಟ್ಟು ಕುದಿಸಬಾರದು, ಕಹಿಯಾಗುತ್ತದೆ. ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಿದರೆ ಘಮ ಉಳಿಯುತ್ತದೆ.

ಕೋಸಂಬರಿಗೆ ಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿಟ್ಟುಕೊಳ್ಳಿ. ಆದರೆ ಉಪ್ಪನ್ನು ಬಡಿಸುವ ಮುಂಚೆಯೇ ಹಾಕಬೇಕು. ಉಪ್ಪು ಸೌತೆಕಾಯಿಯ ನೀರನ್ನು ಹೊರಗೆಳೆಯುವುದರಿಂದ ಬೇಗ ಹಾಕಿದ ಕೋಸಂಬರಿ ಕೊಚ್ಚೆಯಾಗುತ್ತದೆ. ಬಾತು, ಪಾಯಸ ಎರಡೂ ಇಟ್ಟಷ್ಟು ಗಟ್ಟಿಯಾಗುತ್ತವೆ. ಆದ್ದರಿಂದ ತುಸು ತೆಳ್ಳಗೇ ಇಳಿಸಿ, ಪಕ್ಕದಲ್ಲಿ ಕುದಿಯುವ ನೀರನ್ನೂ ಬಿಸಿ ಹಾಲನ್ನೂ ಸಿದ್ಧವಾಗಿಟ್ಟುಕೊಳ್ಳಿ. ಆರು ಗಂಟೆಗೆ ಮೊಸರನ್ನ ಕಲಸುವಾಗ ಮೊಸರಿನಷ್ಟೇ ಹಾಲನ್ನೂ ಸೇರಿಸಿದರೆ, ಎಂಟರ ಹೊತ್ತಿಗೆ ಅದು ಗಟ್ಟಿಯೂ ಆಗುವುದಿಲ್ಲ, ಹುಳಿಯೂ ಆಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು

ಮುಂಚಿತವಾಗಿ ಮಾಡುವುದೆಂದರೆ ಬೇಯಿಸಿದ ಅನ್ನವನ್ನು ಬೆಳಗಿನಿಂದ ಸಂಜೆವರೆಗೆ ಮುಚ್ಚಿಡುವುದು ಎಂದು ಅರ್ಥವಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಿದ್ದರೆ ಮತ್ತೆ ಚಿಗುರಿ ವಿಷವನ್ನು ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದ ಮಾತ್ರಕ್ಕೆ ಹೋಗದು. ಆದ್ದರಿಂದ ಬಿಸಿಯಾಗಿರಬೇಕಾದ್ದು ಹಬೆಯಾಡುತ್ತಲೇ ಇರಲಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗಳಿಗೆ ಹರವಿ ಫ್ರಿಜ್ಜಿಗೆ ಸೇರಿಸಿ.

ಬಂದವರ ಜೊತೆ ಕುಳಿತುಕೊಳ್ಳಿ

ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿ ನಮ್ಮ ಹಲವು ಊರುಗಳಲ್ಲಿದೆ. ಅದರಲ್ಲಿ ಜಾಣತನವೂ ಇದೆ. ಬಂದವರ ದಣಿವು ಆರುತ್ತದೆ, ಮನೆಯವರಿಗೂ ಹತ್ತು ನಿಮಿಷ ಸಿಗುತ್ತದೆ. ನೀರು, ಮಜ್ಜಿಗೆ, ಲೋಟಗಳನ್ನು ನಡುಮನೆಯ ಒಂದು ಮೂಲೆಯಲ್ಲಿ ಇಟ್ಟುಬಿಟ್ಟರೆ ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ. ಜಮಖಾನದ ಜೊತೆಗೆ ಹಿರಿಯರಿಗಾಗಿ ನಾಲ್ಕು ಕುರ್ಚಿಗಳಿರಲಿ. ಇನ್ನೊಂದು ಮಾತು: ಟಿ.ವಿ. ಆರಿಸಿಬಿಡಿ. ಟಿ.ವಿ.ಯವರೇ ಹೀಗೆ ಹೇಳುವುದೇ ಎಂದು ನಗಬೇಡಿ. ನಾವು ನಾಳೆಯೂ ಬರುತ್ತೇವೆ. ನಿಮ್ಮ ನೆಂಟರು ಬರುವುದು ವರ್ಷಕ್ಕೊಮ್ಮೆ.

"ಏನಾದರೂ ಸಹಾಯ ಮಾಡಲೇ?" ಎಂದು ಬಂದವರು ಕೇಳಿದಾಗ "ಏನೂ ಬೇಡ, ನೀವು ಕೂತ್ಕೊಳ್ಳಿ" ಎನ್ನುವುದು ನಮ್ಮ ಬಾಯಿಪಾಠ. ಅದರ ಬದಲು ಸೌತೆಕಾಯಿಯನ್ನೂ ಚಾಕುವನ್ನೂ ಕೈಗೆ ಕೊಡಿ. ಹೆಚ್ಚುತ್ತಾ ಆಡುವ ಮಾತಿನಲ್ಲಿ ಇರುವ ಸಲಿಗೆ ಸೋಫಾದ ಮೇಲಿನ ಮಾತಿನಲ್ಲಿ ಇರುವುದಿಲ್ಲ. ಬಡಿಸುವ ಕೆಲಸ ಮನೆಯ ಗಂಡಸರದಾಗಲಿ. ಇದೇನೂ ಹೊಸ ಪದ್ಧತಿಯಲ್ಲ. ನಮ್ಮ ಎಷ್ಟೋ ಮದುವೆ ಮನೆಗಳಲ್ಲಿ ಪಂಚೆ ಎತ್ತಿ ಕಟ್ಟಿ ಪಂಕ್ತಿಗೆ ಬಡಿಸುತ್ತ ಬಂದವರು ಗಂಡಸರೇ. ಅಲ್ಲಿ ಇಲ್ಲದ ನಾಚಿಕೆ ಸ್ವಂತ ಮನೆಯಲ್ಲಿ ಏಕೆ?

ಮರುವರ್ಷದ ದಸರೆಗೆ ನಾವು ಹೀಗೆಯೇ ಮಾಡಿದೆವು. ಚಿಕ್ಕಪ್ಪ ಸೌಟು ಹಿಡಿದರು. ನೆರೆಮನೆಯವರು ಕೋಸಂಬರಿ ಕಲಸಿದರು. ಬಾತು ಕೊಂಚ ಗಟ್ಟಿಯಾಗಿತ್ತು, ಒಬ್ಬರೂ ಆ ಮಾತೆತ್ತಲಿಲ್ಲ. ಎಂಟೂಕಾಲಕ್ಕೆ ಚಿಕ್ಕಮ್ಮ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಂಡರು. ಊಟವಾದ ಮೇಲೆ ಮಕ್ಕಳನ್ನು ಗೊಂಬೆಗಳ ಮುಂದೆ ಕೂರಿಸಿಕೊಂಡು, ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳ ಕಥೆ ಹೇಳಿದರು. ಅಷ್ಟು ವರ್ಷ ಆ ಮನೆಗೆ ಹೋಗಿಬರುತ್ತಿದ್ದ ನಾವು ಆ ಕಥೆ ಕೇಳಿದ್ದು ಅದೇ ಮೊದಲು.

ಅರಿಶಿನ ಕುಂಕುಮ, ತಾಂಬೂಲ ಕೊಟ್ಟು ಕಳುಹಿಸಿದ ಮೇಲೆ ಆ ರಾತ್ರಿ ಅವರು ಯಾರ್ಯಾರು ಬಂದಿದ್ದರೆಂದು ಯಾರನ್ನೂ ಕೇಳಲಿಲ್ಲ.